ಹೊಸ್ತಿಲ ಮೇಲಿನ ಲೀಟರು

ನಮ್ಮ ಕಡೆ ಹೊಸ ಸೊಸೆ ಗಂಡನ ಮನೆಗೆ ಕಾಲಿಡುವಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿರುತ್ತಾರೆ. ಅವಳು ಅದನ್ನು ಬಲಗಾಲಿನಿಂದ ಮೆಲ್ಲಗೆ ಒದ್ದು, ಅಕ್ಕಿ ಒಳಕ್ಕೆ ಚೆಲ್ಲುವಂತೆ ಮಾಡಿ, ಆಮೇಲೆ ಒಳಗೆ ಬರಬೇಕು. ನಮ್ಮವ್ವ ಹಾಗೇ ಬಂದಳು, ಅವರವ್ವನೂ ಹಾಗೇ ಬಂದಳು. ನಾನು ಮಾತ್ರ ಲೀಟರು ಒದ್ದು ಬಂದವಳು. ದಾವಣಗೆರೆ, ಹರಿಹರ ಎರಡೂ ಊರು ಜಾಲಾಡಿದರೂ ನನಗಿಂತ ಮೊದಲು ಲೀಟರು ಒದ್ದ ಹೆಂಗಸು ಸಿಗಲಾರಳು. ಇದಕ್ಕಾಗಿ ಯಾರೂ ನನಗೆ ಶಾಲು ಹೊದಿಸಲಿಲ್ಲ. ಅದಕ್ಕೇ ನಾನೇ ಕೂತು ಬರೆಯುತ್ತಿದ್ದೇನೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ದೇಶ ಮುಂದೆ ಬರುತ್ತಿದ್ದ ಕಾಲ. ಎಲ್ಲಿಂದ ಹೊರಟಿದೆ, ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನಮ್ಮ ಕೇರಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಬರುತ್ತಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ದಾವಣಗೆರೆಯಲ್ಲಿ ನಾವು ಹತ್ತಿ ಗಿರಣಿಯ ಕೂಗಿಗೆ ಏಳುತ್ತಿದ್ದೆವು, ಗಿರಣಿಯ ಕೂಗಿಗೆ ಉಣ್ಣುತ್ತಿದ್ದೆವು. ಹರಿಹರದ ಕಡೆ ಯಂತ್ರಗಳ ಕಾರ್ಖಾನೆ ಎದ್ದಿತ್ತು. ಭದ್ರಾ ನಾಲೆ ಬರುತ್ತದೆಂದು ಯಾರೋ ಬಂದು ಹೊಲಗಳಲ್ಲಿ ಗೂಟ ನೆಟ್ಟು ಹೋಗಿದ್ದರು. ಪಂಚವಾರ್ಷಿಕ ಯೋಜನೆ ಎಂಬ ಮಾತು ರೇಡಿಯೋದಿಂದ ಇಳಿದು ಜಗಲಿಗೆ ಬಂದು ಕೂತಿತ್ತು. ಸೋರುವ ಮಾಡಿಗೆ ಹೊಸ ಹಂಚು ಹೊದಿಸು ಎಂದು ಅವ್ವ ಗೊಣಗಿದಾಗಲೆಲ್ಲ ಅಪ್ಪ, "ಅದು ಮುಂದಿನ ಯೋಜನ್ಯಾಗ ಐತೆ" ಎನ್ನುತ್ತಿದ್ದ. ಮೂರು ಯೋಜನೆ ಮುಗಿದರೂ ಆ ಮಾಡು ಸೋರುತ್ತಲೇ ಇತ್ತು.

ಎಲ್ಲಕ್ಕಿಂತ ಹೆಚ್ಚು ಗದ್ದಲ ಎಬ್ಬಿಸಿದ್ದು ಅಳತೆಯ ವಿಷಯ. ಆವರೆಗೆ ಪೇಟೆಗೊಂದು ಸೇರು. ದಾವಣಗೆರೆ ಸೇರಿನಲ್ಲಿ ಅಳೆದ ಅಕ್ಕಿಯನ್ನು ಹರಿಹರದ ಸೇರಿಗೆ ಸುರಿದರೆ ತುಂಬುತ್ತಿರಲಿಲ್ಲ. ಹೊಳೆ ದಾಟಿದರೆ ಇನ್ನೊಂದು ಸೇರು. ಬೀಗರು ಬೀಗರು ಕಿತ್ತಾಡಿದರೆ "ನಿಮ್ಮೂರ ಸೇರಿನಷ್ಟೇ ನಿಮ್ಮ ಮನಸ್ಸು" ಎಂದು ಹಂಗಿಸುವುದಿತ್ತು. ಇಂಥ ಸೇರು, ಪಾವು, ಮಣಗಳನ್ನೆಲ್ಲ ಮೂಟೆ ಕಟ್ಟಿ ಇಡೀ ದೇಶಕ್ಕೆ ಒಂದೇ ಲೀಟರು, ಒಂದೇ ಕಿಲೋ ಎಂದು ಸರಕಾರ ಹೇಳಿತು. ಹೇಳಿ ಸುಮ್ಮನಿದ್ದರೆ ನಮ್ಮ ಪೇಟೆಯವರೂ ಕೇಳಿ ಸುಮ್ಮನಿರುತ್ತಿದ್ದರು. ಆದರೆ ಸರಕಾರ ಇವರನ್ನು ಕಳಿಸಿತು.

ಇವರು ಎಂದರೆ ನನ್ನ ಯಜಮಾನರು. ಗಂಡನ ಹೆಸರು ಹೇಳುವ ಅಭ್ಯಾಸ ನನಗಿಲ್ಲ, ಈ ವಯಸ್ಸಿನಲ್ಲಿ ಕಲಿಯುವುದೂ ಇಲ್ಲ. ಆಗ ಇವರು ಅಳತೆ ಮತ್ತು ತೂಕದ ಇನ್ಸ್‌ಪೆಕ್ಟರು. ಹರಿಹರದವರು. ತಂದೆ ತೀರಿಕೊಂಡಿದ್ದರು, ತಾಯಿಗೆ ಒಬ್ಬನೇ ಮಗ. ಸಂಬಂಧಿಕರೊಬ್ಬರು ನನಗೆ ಈ ಗಂಡು ತಂದಾಗ ನಮ್ಮಪ್ಪ ಹಿಗ್ಗಿಹೋದ. ಅಪ್ಪನದು ಮಂಡಕ್ಕಿ ವ್ಯಾಪಾರ. ಮಂಡಕ್ಕಿ ಭಟ್ಟಿಗಳಿಂದ ಚೀಲಗಟ್ಟಲೆ ತಂದು ಹಳೇ ಪೇಟೆಯ ಅಂಗಡಿಯಲ್ಲಿ ಸೇರಿನ ಮೇಲೆ ಮಾರುತ್ತಿದ್ದ. ಇನ್ಸ್‌ಪೆಕ್ಟರೇ ಅಳಿಯನಾದರೆ ಅಂಗಡಿ ಬಾಗಿಲಿಗೆ ಇನ್ಸ್‌ಪೆಕ್ಟರು ಯಾಕೆ ಬರುತ್ತಾನೆ ಎಂಬುದು ಅವನ ಎಣಿಕೆ. ಪಾಪ, ಎಷ್ಟು ಜಾಣ ಎಣಿಕೆ! ಇವರು ಮೊದಲು ಹತ್ತಿದ್ದೇ ನಮ್ಮ ಅಂಗಡಿಯ ಮೆಟ್ಟಿಲು.

ಅದಕ್ಕೂ ಕಾರಣ ನಾನೇ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದಾ, ರೊಟ್ಟಿ ಬಡಿಯುತ್ತೀಯಾ ಎಂದು ಕೇಳುವುದು ವಾಡಿಕೆ. ಇವರು ಕುರ್ಚಿಯ ತುದಿಗೆ ಕೂತು, ಗಂಟಲು ಸರಿಮಾಡಿಕೊಂಡು, "ಒಂದು ಕಿಲೋಗೆ ಎಷ್ಟು ಗ್ರಾಂ?" ಎಂದು ಕೇಳಿದರು. ನಮ್ಮವ್ವ ಗಾಬರಿಯಾಗಿ ನನ್ನ ಮುಖ ನೋಡಿದಳು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ತಲೆ ತಗ್ಗಿಸಿಕೊಂಡೇ "ಸಾವಿರ" ಎಂದೆ. ಇವರ ಮುಖ ಅರಳಿತು. ದೇಶ ಹೇಗೆ ಮುಂದೆ ಬರಬೇಕು, ಒಂದೂರಿನ ಸೇರು ಇನ್ನೊಂದೂರಿಗೆ ಹೊಂದದಿದ್ದರೆ ಅಣೆಕಟ್ಟು ಕಟ್ಟುವುದು ಹೇಗೆ, ಇಂಜಿನ್ನು ಮಾಡುವುದು ಹೇಗೆ ಎಂದು ಕಾಲು ಗಂಟೆ ಭಾಷಣವಾಯಿತು. ಅವಲಕ್ಕಿ ತಟ್ಟೆ ಹಾಗೇ ಇತ್ತು. ನನಗೆ ಮೊದಲಿನಿಂದ ಮೂಗಿನ ತುದಿಯಲ್ಲಿ ಸಿಟ್ಟು. ಪರೀಕ್ಷೆ ಮಾಡಿದವರಿಗೂ ಒಂದು ಪರೀಕ್ಷೆ ಇರಲಿ ಅನ್ನಿಸಿ ಕೇಳಿಯೇಬಿಟ್ಟೆ. "ಒಂದು ಕಿಲೋ ಮಂಡಕ್ಕಿ ಅಂದ್ರೆ ಎಷ್ಟು ಸೇರು ಆಗ್ತೈತ್ರಿ?"

ಇವರಿಗೆ ಗೊತ್ತಿರಲಿಲ್ಲ. ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ಹಾಳೆ ಮಗುಚಿದರು. ಅದರಲ್ಲಿ ಭತ್ತ ಇತ್ತು, ರಾಗಿ ಇತ್ತು, ಸೀಮೆಎಣ್ಣೆಯೂ ಇತ್ತು. ಮಂಡಕ್ಕಿ ಇರಲಿಲ್ಲ. ದಾವಣಗೆರೆಯ ಹೆಣ್ಣು ನೋಡಲು ಬರುವವನು ಮಂಡಕ್ಕಿಯ ಲೆಕ್ಕ ತಿಳಿಯದೆ ಬಂದರೆ ಹೇಗೆ? "ನಾಳೆ ಹೇಳ್ತೀನಿ" ಎಂದು ಹೊರಟೇಹೋದರು. ಹೆಣ್ಣು ಒಪ್ಪಿಗೆಯೋ ಇಲ್ಲವೋ ಅದನ್ನೂ ಹೇಳಲಿಲ್ಲ. ಅವ್ವ ನನಗೆ ಬೈದು ಬೈದು ಸುಸ್ತಾದಳು.

ಮಾರನೇ ದಿನ ಬೆಳಿಗ್ಗೆ ಇವರು ತಕ್ಕಡಿ ಹಿಡಿದುಕೊಂಡು ಅಂಗಡಿಗೆ ಬಂದರು. ಅಂಗಡಿಯ ಹಿಂದೆಯೇ ನಮ್ಮ ಮನೆ. ನಡುವಿನ ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಒಂದು ತಟ್ಟೆಗೆ ಹೊಸ ಕಿಲೋ ತೂಕದ ಬಟ್ಟು ಇಟ್ಟರು, ಇನ್ನೊಂದಕ್ಕೆ ಮಂಡಕ್ಕಿ ಸುರಿಯತೊಡಗಿದರು. ಒಂದು ಸೇರು ಸುರಿದರು. ತಕ್ಕಡಿ ಅಲುಗಲಿಲ್ಲ. ಇನ್ನೊಂದು. ಮತ್ತೊಂದು. ಮಂಡಕ್ಕಿ ಗುಡ್ಡವಾಗಿ ತಟ್ಟೆಯ ಅಂಚಿನಿಂದ ಉದುರಿತು. ಕಿಲೋ ಬಟ್ಟು ಮಾತ್ರ ಕಾಲು ಚಾಚಿ ಕೂತ ಸಾಹುಕಾರನ ಹಾಗೆ ಕೂತೇ ಇತ್ತು. ತಟ್ಟೆ ತೆಗೆದು ಚೀಲವನ್ನೇ ಕಟ್ಟಿದರು. ಅಷ್ಟರಲ್ಲಿ ಬೀದಿಯಿಂದ ಒಂದು ಸುಳಿಗಾಳಿ ಬಂತು ನೋಡಿ, ಅರ್ಧ ಕಿಲೋ ಮಂಡಕ್ಕಿ ಎದ್ದು ಎದುರಿನ ಅಂಗಡಿಗೆ ಹೊರಟಿತು. ಪೇಟೆಯೆಲ್ಲ ನಗುತ್ತಿತ್ತು.

ಅಪ್ಪ ತನ್ನ ಹಳೇ ಸೇರು ತೆಗೆದು ಒಬ್ಬ ಗಿರಾಕಿಗೆ ಎರಡು ಸೇರು ಅಳೆದು ಹಾಕಿದ. ಮೇಲೆ ವಾಡಿಕೆಯಂತೆ ಒಂದು ಹಿಡಿ ಕೊಸರು ಎಸೆದ. ಅಳತೆ ಮುಗಿದ ಮೇಲೆ ಸುಮ್ಮನೆ ಹಾಕುವ ಹಿಡಿ ಅದು. ಅದಿಲ್ಲದೆ ನಮ್ಮ ಪೇಟೆಯಲ್ಲಿ ಯಾರೂ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ.

"ಅದೇನದು ಮೇಲೆ ಹಾಕಿದ್ದು?" ಇವರು ಕೇಳಿದರು.

"ಕೊಸರು."

"ಕಾಯ್ದೆಯಲ್ಲಿ ಕೊಸರು ಇಲ್ಲ."

"ಕಾಯ್ದ್ಯಾಗ ಇಲ್ದಿದ್ರೆ ಇಲ್ಲ ಬಿಡ್ರಿ. ನಮ್ಮ ಕೈಯಾಗ ಐತೆ" ಎಂದ ಅಪ್ಪ.

ಇವರು ಪ್ಯಾಂಟು ಮಡಚಿಕೊಂಡು ಮಂಡಿಯೂರಿ ಕೂತು, ನೆಲಕ್ಕೆ ಚೆಲ್ಲಿದ್ದ ಮಂಡಕ್ಕಿಯನ್ನು ಒಂದೊಂದಾಗಿ ಹೆಕ್ಕಿ ಚೀಲಕ್ಕೆ ಹಾಕತೊಡಗಿದರು. ಜನ ನಗುತ್ತಿದ್ದರೂ ತಲೆ ಎತ್ತಲಿಲ್ಲ. ಮೂಲೆಯಲ್ಲಿದ್ದ ಕಾಳನ್ನೂ ಬಿಡಲಿಲ್ಲ. ಸುಳ್ಳು ಯಾಕೆ ಹೇಳಲಿ, ಬಾಗಿಲ ಸಂದಿಯಲ್ಲಿ ನಿಂತವಳಿಗೆ ಈ ಮನುಷ್ಯನೇ ಆಗಬೇಕು ಎಂದು ಅನ್ನಿಸಿದ್ದು ಆಗಲೇ. ಆ ಮೇಲೆ ಚೀಲದ ಬಾಯಿ ಕಟ್ಟಿ, ಬಾಗಿಲ ಕಡೆ ತಿರುಗಿ, ಎಷ್ಟು ಸೇರು ಎಂದು ಲೆಕ್ಕ ಒಪ್ಪಿಸಿ ಹೋದರು. ಲೆಕ್ಕ ನನಗೆ ನೆನಪಿಲ್ಲ. ಒಪ್ಪಿಗೆ ಎಂದು ಸಂಜೆಗೆ ಹೇಳಿ ಕಳಿಸಿದರು.

ಇಲ್ಲಿಗೆ ಎಲ್ಲ ಸುಸೂತ್ರವಾಗಬೇಕಿತ್ತು. ಮದುವೆಗೆ ತಿಂಗಳಿದೆ ಎನ್ನುವಾಗ ಇವರು ನಮ್ಮ ಪೇಟೆಯಲ್ಲಿ ಹಳೇ ಸೇರುಗಳನ್ನು ಜಪ್ತಿ ಮಾಡಿದರು. ಚೌಕದಲ್ಲಿ ಗುಡ್ಡೆ ಹಾಕಿಸಿ, ಮತ್ತೆ ಬಳಸಬಾರದೆಂದು ಒಂದೊಂದಕ್ಕೂ ಸುತ್ತಿಗೆಯಿಂದ ತೂತು ಹೊಡೆಸಿದರು. ಅಪ್ಪನದೂ ಅದರಲ್ಲಿತ್ತು. ಆಗ ಬೆಲ್ಲದ ವ್ಯಾಪಾರಿಯೊಬ್ಬ ಗುಂಪಿನ ಹಿಂದಿನಿಂದ ಕೂಗಿದ. "ಸಾಹೇಬ್ರ, ಮುಂದಿನ ತಿಂಗಳು ನಿಮ್ಮ ಮದುವಿ ಐತಂತಲ್ಲ. ಹುಡುಗಿ ಹೊಸ್ತಿಲ ಮ್ಯಾಲೆ ಏನು ಒದಿತಾಳ್ರಿ? ಲೀಟ್ರಾ?"

ಚೌಕಕ್ಕೆ ಚೌಕವೇ ಹೋ ಎಂದಿತು. ಅಲ್ಲಿ ಇವರು ನಕ್ಕು ಸುಮ್ಮನಾಗಬಹುದಿತ್ತು. ನಗಲು ಬಂದರೆ ತಾನೇ! ಕೆಂಪಗಾಗಿ, ಸುತ್ತಿಗೆ ಎತ್ತಿ ಹಿಡಿದು, "ಹೌದ್ರಿ, ಲೀಟರೇ ಒದಿತಾಳೆ. ನಮ್ಮ ಹೊಸ್ತಿಲ ಮ್ಯಾಲೆ ಯಾರಿಗಾದ್ರೂ ಸೇರು ಕಂಡ್ರೆ ಅಲ್ಲೇ ನೌಕರಿಗೆ ರಾಜೀನಾಮೆ ಬರೆದು ಕೊಡ್ತೀನಿ" ಎಂದುಬಿಟ್ಟರು.

ಈ ಮಾತು ನಮ್ಮ ಮನೆಗೆ ಮುಟ್ಟುವಷ್ಟರಲ್ಲಿ ರೈಲು ಹತ್ತಿ ಹರಿಹರಕ್ಕೂ ಮುಟ್ಟಿತ್ತು. ಅಲ್ಲಿ ನನ್ನ ಅತ್ತೆಯಾಗುವವರು ಕುಟ್ಟುತ್ತಿದ್ದ ಒನಕೆ ಗೋಡೆಗೆ ಒರಗಿಸಿ ಮಗನಿಗೆ ಹೇಳಿದರಂತೆ. "ಈ ಹಿತ್ತಾಳಿ ಸೇರು ಒದ್ದೇ ನಾನು ಈ ಮನಿಗೆ ಬಂದಾಕಿ. ನಿಮ್ಮಪ್ಪ ಹೋದ ಮ್ಯಾಲೆ ಇದರಾಗೇ ಅಳೆದು ನಿನಗೆ ಅನ್ನ ಹಾಕಿದಾಕಿ. ಹೊಸ್ತಿಲ ಮ್ಯಾಲೆ ಈ ಸೇರು ಇಲ್ದಿದ್ರೆ ಸೊಸಿ ಒಳಗೆ ಬರಂಗಿಲ್ಲ. ಬಂದ ದಾರೀಲೆ ವಾಪಸ್ ಹೋಗ್ಲಿ."

ಮೂರನೇ ದಿನ ಇವರು ನಮ್ಮ ಅಂಗಡಿಗೆ ಬಂದು ಮಂಡಕ್ಕಿ ಚೀಲದ ಮೇಲೆ ಕುಸಿದು ಕೂತರು. ಚೀಲದೊಳಗೆ ಪುಡಿಯಾದ ಸದ್ದು ಅಪ್ಪನಿಗೂ ಕೇಳಿಸಿತು. ಸೇರು ಇಟ್ಟರೆ ನೌಕರಿ ಇಲ್ಲ, ಇಡದಿದ್ದರೆ ಹೆಂಡತಿ ಇಲ್ಲ ಎಂದರು. ತಾಯಿಗೆ ಯೋಜನೆ ವಿವರಿಸಿ ಹೇಳಿದಿರಾ ಎಂದು ಅಪ್ಪ ಕೇಳಿದ. ಹೇಳಿದರಂತೆ. ದೇಶದ ಪ್ರಗತಿಗೆ ಒಂದೇ ಅಳತೆ ಬೇಕು ಅಂದಿದ್ದಕ್ಕೆ, "ದೇಶಕ್ಕೆ ಬೇಕಾದ್ರೆ ದೇಶದ ಹೊಸ್ತಿಲ ಮ್ಯಾಲೆ ಇಟ್ಕೊಳ್ಳಿ" ಎಂದರಂತೆ. ಹಳೇ ಪೇಟೆಯನ್ನೇ ಹೆದರಿಸಿದ ಮನುಷ್ಯ ತಾಯಿಯ ಮುಂದೆ ಬೆಕ್ಕಿನ ಮರಿ. ಬಾಗಿಲ ಹಿಂದೆ ನಿಂತ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇವರಿಬ್ಬರ ಹಟದಲ್ಲಿ ಹೊಸ್ತಿಲಾಚೆ ಉಳಿಯುವವಳು ನಾನು. ದಿಬ್ಬಣ ಹೋಗಿ ವಾಪಸ್ ಬಂದ ಹುಡುಗಿಯನ್ನು ಆ ಕಾಲದಲ್ಲಿ ಯಾರು ಕೇಳುತ್ತಿದ್ದರು?

ಎದುರಿನ ಅಂಗಡಿಯಲ್ಲಿ ತಗಡಿನ ಕೆಲಸದ ಚಾಚಾ ಇದ್ದರು. ಬುಡ್ಡಿ, ಕೊಳವೆ, ಡಬ್ಬಿ, ಅಳತೆ ಸೇರು ಎಲ್ಲ ಮಾಡುತ್ತಿದ್ದರು. ಸೇರಿಗೆ ಗಿರಾಕಿ ನಿಂತುಹೋದ ಮೇಲೆ ಉಳಿದ ಸೇರುಗಳಿಗೆಲ್ಲ ಹಿಡಿಕೆ ಬೆಸೆದು ನೀರಿನ ಮಗ್ಗು ಎಂದು ಮಾರುತ್ತಿದ್ದರು. ಈಗ ಪರವಾನಗಿ ಪಡೆದು ಲೀಟರು ಮಾಡಲು ಹಿಡಿದಿದ್ದರು. ಇವರು ಹೋದ ಮೇಲೆ ನಾನು ಬೀದಿ ದಾಟಿ ಅವರ ಮುಂದೆ ನಿಂತೆ.

"ಚಾಚಾ, ಸೇರು ದೊಡ್ಡದೋ ಲೀಟರು ದೊಡ್ಡದೋ?"

"ಯಾವೂರ ಸೇರು ಬೇಟಿ?"

"ಹರಿಹರದ್ದು. ಹಳೇದು. ಹಿತ್ತಾಳಿದು."

ಚಾಚಾ ಗಡ್ಡ ಕೆರೆದುಕೊಂಡರು. "ಹರಿಹರದ್ದು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಇರ್ತೈತೆ. ಯಾಕ?"

"ಬಾಯಿ ಹತ್ರ ಸುತ್ತಲೂ ಒಂದು ಬೆರಳಷ್ಟು ಕೊರೆದು ತೆಗೆದ್ರೆ?"

ಚಾಚಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾ ಅಲ್ಲಾ! ಇನ್ಸ್‌ಪೆಕ್ಟರ್ ಅವ್ರಲ್ಲ, ನೀನು ಆಗ್ಬೇಕಿತ್ತು!"

ಸೇರು ಇಲ್ಲಿಗೆ ಬರುವುದು ಹೇಗೆ ಎಂಬುದೇ ಕಷ್ಟ. ಅದಕ್ಕೂ ನಾನೇ ಒಂದು ಸುಳ್ಳು ಹೊಸೆದೆ. ಹೊಸ್ತಿಲ ಸೇರಿನ ಮೇಲೆ ಗಂಡು ಹೆಣ್ಣಿನ ಹೆಸರು ಕೆತ್ತಿಸುವುದು ನಮ್ಮ ಮನೆಯ ಪದ್ಧತಿ ಎಂದು ಅವ್ವನಿಂದ ಹೇಳಿ ಕಳಿಸಿದೆ. ಮದುವೆ ಪಾತ್ರೆಗಳಿಗೆ ಹೆಸರು ಕೆತ್ತಿಸುವುದು ಎಲ್ಲ ಕಡೆ ಇದ್ದದ್ದೇ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಸೇರು ಅಂದರೆ ಸೇರು ಎಂದು ಬೀಗರೇ ಒಪ್ಪಿದರಲ್ಲ ಎಂದು ಅತ್ತೆ ಸಂತೋಷದಿಂದಲೇ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಇವರ ಕೈಯಲ್ಲೇ ಕಳಿಸಿಕೊಟ್ಟರು.

ಅಪ್ಪನಿಗೂ ಇವರಿಗೂ ಉಪಾಯವನ್ನು ಚಾಚಾ ಮೊದಲೇ ಹೇಳಿಟ್ಟಿದ್ದರು. ಚಾಚಾ ಅಂಗಡಿಯಲ್ಲಿ ಅವತ್ತು ನಡೆದದ್ದು ಶಸ್ತ್ರಚಿಕಿತ್ಸೆಯೇ. ಅಪ್ಪ, ಇವರು, ಚಾಚಾ ಮೂವರೂ ಸೇರಿನ ಸುತ್ತ ಕೂತರು. ಮೊದಲು ಅಪ್ಪನ ಹಟಕ್ಕೆ ಮಂಡಕ್ಕಿಯಿಂದ ಅಳೆದರು. ಹಗುರಾಗಿ ತುಂಬಿದರೆ ಸೇರೂ ಲೀಟರೂ ಒಂದೇ ಆದವು, ಒತ್ತಿ ತುಂಬಿದರೆ ಎರಡು ಲೀಟರು ಸೇರಿನೊಳಗೆ ಹೋಗಿ ಕೂತವು. "ಮಂಡಕ್ಕಿ ಮಾತು ಬಿಡ್ರಿ ಸಾವ್ಕಾರ್ರೆ" ಎಂದು ಚಾಚಾ ನೀರು ತಂದರು. ಲೀಟರು ನೀರು ಸುರಿದಾಗ ಸೇರಿನ ಬಾಯಿಂದ ಒಂದು ಬೆರಳು ಕೆಳಗೆ ನಿಂತಿತು. ದೇವರು ದೊಡ್ಡವನು, ಸೇರೂ ದೊಡ್ಡದಾಗಿತ್ತು. ಚಿಕ್ಕದಾಗಿದ್ದರೆ ನಾನು ಇವತ್ತಿಗೂ ದಾವಣಗೆರೆಯಲ್ಲೇ ಮಂಡಕ್ಕಿ ಕೇರುತ್ತಾ ಇರುತ್ತಿದ್ದೆ.

ಗರಗಸ ಹಿತ್ತಾಳೆಗೆ ತಾಗಿದ ಕೂಡಲೇ ಇವರು ಕಣ್ಣು ಮುಚ್ಚಿಕೊಂಡರು. ಅಷ್ಟು ಸೇರುಗಳಿಗೆ ತೂತು ಹೊಡೆಸಿದವರು, ಇದೊಂದಕ್ಕೆ ನೋಡಲಾರದೆ ಹೋದರು. ಚಾಚಾ ಕೊರೆದು, ಅಂಚು ಉಜ್ಜಿ, ಹುಣಸೆಹಣ್ಣು ಹಾಕಿ ತಿಕ್ಕಿ, ಒಂದು ಕಡೆ ನಮ್ಮಿಬ್ಬರ ಹೆಸರು ಕೆತ್ತಿದರು. ಇನ್ನೊಂದು ಕಡೆ ಇವರೇ ಮೂರು ಸಲ ನೀರು ಸುರಿದು ನೋಡಿ, ಬೆವರು ಒರೆಸಿಕೊಂಡು, ಸರಕಾರದ ಮುದ್ರೆ ಒತ್ತಿದರು. ಸೇರಿನ ಬಾಯಿಂದ ಕೊರೆದು ತೆಗೆದ ಹಿತ್ತಾಳೆ ಬಳೆಯನ್ನು ಚಾಚಾ ನನ್ನ ಕೈಗೆ ಕೊಟ್ಟು, "ಇದು ನಿನ್ನ ಹತ್ರ ಇರ್ಲಿ ಬೇಟಿ, ಯಾರಿಗೂ ತೋರಿಸ್ಬ್ಯಾಡ" ಎಂದರು. ನಾನು ಟ್ರಂಕಿನ ತಳದಲ್ಲಿ ಮುಚ್ಚಿಟ್ಟೆ. ಕಳ್ಳತನದ ಒಡವೆ ಇಟ್ಟುಕೊಂಡಷ್ಟೇ ಹೆದರಿಕೆಯಾಗುತ್ತಿತ್ತು. ಒಬ್ಬ ವಿಧವೆ ಹೆಂಗಸಿನ ಜೀವಮಾನದ ಸೇರನ್ನು ಅವಳಿಗೆ ತಿಳಿಯದಂತೆ ಕೊರೆಸಿದವಳು ನಾನು, ಅದೂ ಸೊಸೆಯಾಗುವ ಮೊದಲೇ.

ಮದುವೆ ಹರಿಹರದಲ್ಲಿ. ಬೆಳಿಗ್ಗೆ ಬಸ್ಸು ಮಾಡಿಕೊಂಡು ಹೊರಟೆವು. ದಾರಿಯಲ್ಲಿ ಬಾತಿಯ ಹತ್ತಿರ ಹೊಸದಾಗಿ ಬಣ್ಣ ಬಳಿದ ಕಲ್ಲು ನೋಡಿ ಅವ್ವ, ಹರಿಹರಕ್ಕೆ ದಾವಣಗೆರೆಯಿಂದ ಒಟ್ಟು ಎಷ್ಟಾಗುತ್ತದೆ ಎಂದು ಡ್ರೈವರನ್ನು ಕೇಳಿದಳು. ಹದಿನಾಲ್ಕು ಎಂದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಅಳಲು ಶುರು ಮಾಡಿದಳು. "ಒಂಬತ್ತು ಅಂತ ಹೇಳಿ ಸಂಬಂಧ ಮಾಡಿದ್ರು, ಈಗ ಹದ್ನಾಲ್ಕು ಆತಲ್ಲಪ್ಪ! ಇಷ್ಟು ದೂರ ಕೊಡ್ತೀನಿ ಅಂತ ಗೊತ್ತಿದ್ರೆ ಬ್ಯಾಡ ಅಂತಿದ್ದೆ." ಮೊದಲಿನದು ಮೈಲಿ, ಈಗಿನದು ಕಿಲೋಮೀಟರು, ಊರು ಇದ್ದಲ್ಲೇ ಇದೆ ಎಂದು ಹರಿಹರ ಮುಟ್ಟುವವರೆಗೂ ನಾನು ಸಮಾಧಾನ ಹೇಳಿದೆ. ಮದುಮಗಳು ಅಳಬೇಕಾದ ಹೊತ್ತಿನಲ್ಲಿ ಪಾಠ ಮಾಡುತ್ತಿದ್ದೆ.

ದಾವಣಗೆರೆ ಪೇಟೆಯ ಅರ್ಧ ಜನ ರೈಲಿನಲ್ಲಿ ನಮಗಿಂತ ಮೊದಲೇ ಬಂದು ಇಳಿದಿದ್ದರು. ಕರೆದವರೂ ಬಂದಿದ್ದರು, ಕರೆಯದವರೂ ಬಂದಿದ್ದರು. ಬೆಲ್ಲದ ವ್ಯಾಪಾರಿಯಂತೂ ರಾಜೀನಾಮೆ ಬರೆಸಲು ಒಂದು ಬಿಳಿ ಹಾಳೆ, ಮಸಿ ತುಂಬಿದ ಪೆನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ. ಇವರ ಮೇಲಿನ ಸಾಹೇಬರು ಚಿತ್ರದುರ್ಗದಿಂದ ಜೀಪಿನಲ್ಲಿ ಬಂದು, ಅಯ್ನೋರು ಮಂತ್ರ ಮುಗಿಸುವುದನ್ನೇ ಕಾದಿದ್ದು ಎದ್ದು ನಿಂತು ಭಾಷಣ ಮಾಡಿದರು. ಹೆಣ್ಣು ಗಂಡು ಎರಡು ಚಕ್ರ, ದೇಶವೆಂಬ ಗಾಡಿ, ಯೋಜನೆಯೆಂಬ ರಸ್ತೆ. ಊಟದ ವಾಸನೆ ಬರುತ್ತಿದ್ದುದರಿಂದ ಜನ ಬೇಗ ಬೇಗ ಚಪ್ಪಾಳೆ ಹೊಡೆದು ಮುಗಿಸಿದರು.

ಮಧ್ಯಾಹ್ನ ಮನೆ ತುಂಬಿಸಿಕೊಳ್ಳುವ ಹೊತ್ತು. ಆ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ್ತಿಲ ಮೇಲೆ ಅದು ಇತ್ತು. ಫಳಫಳ ಹೊಳೆಯುವ ಹಿತ್ತಾಳೆ, ಬಾಯಿ ತನಕ ಅಕ್ಕಿ, ಮೇಲೊಂದು ಬೆಲ್ಲದಚ್ಚು. ಹೊಸ್ತಿಲ ಒಳಗಡೆ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅವರ ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

"ಅಗೋ ಸೇರು! ಸೇರು ಐತೆ ನೋಡ್ರಿ!" ಎಂದು ಬೆಲ್ಲದವನು ಕೂಗಿದ. ಬಿಳಿ ಹಾಳೆ ಹೊರಗೆ ಬಂತು. ಜನ ನುಗ್ಗಿದರು. ಮೇಲಿನ ಸಾಹೇಬರು ಹುಬ್ಬು ಗಂಟಿಕ್ಕಿ, "ಏನ್ರೀ ಇದು? ಎತ್ತಿ ಇಲ್ಲಿ ಕೊಡಿ ನೋಡೋಣ" ಎಂದು ಕೈ ಚಾಚಿದರು.

"ಮುಟ್ಟಬ್ಯಾಡ್ರಿ!" ಅತ್ತೆಯ ದನಿಗೆ ಸಾಹೇಬರ ಕೈ ಅಲ್ಲೇ ನಿಂತಿತು. "ಹೊಸ್ತಿಲ ಮ್ಯಾಲೆ ಇಟ್ಟಿದ್ದನ್ನ ಸೊಸಿ ಕಾಲೇ ಮೊದಲು ಮುಟ್ಟಬೇಕು. ನಿಮ್ಮ ತಪಾಸಣಿ ಆಮ್ಯಾಲೆ ಇಟ್ಕೊಳ್ರಿ."

ಎಲ್ಲರೂ ನನ್ನ ಕಾಲು ನೋಡತೊಡಗಿದರು. ಮೆಲ್ಲಗೆ, ಹೆಬ್ಬೆರಳಿನಿಂದ ತಾಗಿಸಿದರೆ ಸಾಕು ಎಂದು ಅವ್ವ ಹೇಳಿಕೊಟ್ಟಿದ್ದಳು. ಹೆದರಿಕೆಗೋ, ಬೆಲ್ಲದವನ ಮೇಲಿನ ಸಿಟ್ಟಿಗೋ, ಎಲ್ಲ ಒಮ್ಮೆ ಮುಗಿದುಹೋಗಲಿ ಎಂದೋ, ನಾನು ಝಾಡಿಸಿ ಒದ್ದೆ. ಅಕ್ಕಿ ನಡುಮನೆಯವರೆಗೆ ಹಾರಿತು. ಬೆಲ್ಲದಚ್ಚು ದೇವರ ಕೋಣೆಗೆ ಹೋಯಿತು. ಹಿತ್ತಾಳೆ ಮಾತ್ರ ಬಾಗಿಲ ಚೌಕಟ್ಟಿಗೆ ಬಡಿದು, ಠಣ್ ಎಂದು ತಿರುಗಿ, ಮೆಟ್ಟಿಲು ಇಳಿದು ಉರುಳುತ್ತಾ ಉರುಳುತ್ತಾ ಸಾಹೇಬರ ಬೂಟಿನ ಹತ್ತಿರ ಹೋಗಿ ನಿಂತಿತು.

ಸಾಹೇಬರು ಎತ್ತಿಕೊಂಡರು. ತಿರುಗಿಸಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. "ಮುದ್ರೆ ಇದೆ" ಎಂದರು. ಆಮೇಲೆ ಬೀದಿಗೆಲ್ಲ ಕೇಳುವಂತೆ, "ಲೀಟರು! ಇದು ಲೀಟರು!" ಎಂದು ಕೂಗಿದರು. ಹಿತ್ತಾಳೆಯ ಲೀಟರು ಅವರು ಹುಟ್ಟಿದಾಗಿನಿಂದ ನೋಡಿರಲಿಲ್ಲವಂತೆ, ಇದು ದೇಶಕ್ಕೇ ಮಾದರಿಯಂತೆ. ಬೆಲ್ಲದವನು ಹಾಳೆ ಮಡಚಿಕೊಂಡ. ಆಮೇಲೆ ಅದರಲ್ಲೇ ಊಟದ ಬೂಂದಿ ಕಟ್ಟಿಕೊಂಡು ಹೋದನೆಂದು ಕೇಳಿದೆ.

ಇವರ ನೌಕರಿ ಉಳಿಯಿತು. ಆದರೆ ನಾನಿನ್ನೂ ಹೊಸ್ತಿಲಾಚೆಯೇ ನಿಂತಿದ್ದೆ. ಲೀಟರು ಎಂಬ ಮಾತು ಇಡೀ ಬೀದಿಗೆ ಕೇಳಿಸಿತ್ತು, ಅತ್ತೆಗೂ ಕೇಳಿಸಿತ್ತು. ಸೇರು ಇಲ್ಲದಿದ್ದರೆ ಬಂದ ದಾರೀಲೆ ವಾಪಸ್ ಎಂದವರು. ಪಕ್ಕದಲ್ಲಿ ಇವರು ನೆಲ ನೋಡುತ್ತಿದ್ದರು. ಸಹಾಯಕ್ಕೆ ಬರುವ ಲಕ್ಷಣ ಕಾಣಲಿಲ್ಲ. ಅತ್ತೆ ಆರತಿ ಎತ್ತಿದರು, ಕುಂಕುಮ ಹಚ್ಚಿದರು. "ನಿಂತೇ ಇರ್ತೀಯೇನು? ಒಳಗೆ ಬಾ" ಎಂದರು.

ಅಡುಗೆಮನೆಯಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿ ಬಾಗಿಲು ಅರ್ಧ ಮುಚ್ಚಿದರು. ತಮ್ಮ ಸೆರಗಿನ ತುದಿಯ ಗಂಟು ಬಿಚ್ಚಿದರು. ಒಳಗೆ ಒಂದು ಹಿಡಿ ಅಕ್ಕಿ.

"ಇದು ಬೆಳಿಗ್ಗೆ ತುಂಬುವಾಗ ಉಳೀತು" ಎಂದರು. "ದಿನಾ ಅಳೆಯೋ ಸೇರು. ಕಣ್ಣು ಮುಚ್ಚಿ ಮೊರಕ್ಕೆ ಅಕ್ಕಿ ಹಾಕ್ಕೊಂಡ್ರೂ ಸರಿಯಾಗಿ ಒಂದು ಸೇರು ಬರ್ತೈತೆ ನನ್ನ ಕೈಗೆ. ಇವತ್ತು ಸುರಿದ್ರೆ ಒಂದು ಹಿಡಿ ಹೊರಗೆ ಉಳೀತು. ನೀವು ಎಲ್ಲಾ ಸೇರಿ ನನ್ನ ಸೇರು ಕೊರೆದೀರಿ."

ನಾನು ಅತ್ತುಬಿಟ್ಟೆ. ಎಲ್ಲ ನಂದೇ ತಪ್ಪು, ಕೊರೆಸಿದ್ದು ನಾನೇ, ಇವರದೇನೂ ಇಲ್ಲ ಎಂದೆ. ಬೆಳಿಗ್ಗೆಯೇ ಗೊತ್ತಾಗಿದ್ದರೆ ಯಾಕೆ ಸುಮ್ಮನಿದ್ದಿರಿ ಎಂದು ಬಿಕ್ಕುತ್ತಲೇ ಕೇಳಿದೆ.

"ಮತ್ತೇನು ಮಾಡ್ಲಿ? ಬಾಯಿ ಬಿಟ್ಟಿದ್ರೆ ಅವನ ನೌಕರಿ ಹೋಗ್ತಿತ್ತು, ನೀನು ಬಸ್ ಹತ್ತಿ ಹೋಗ್ತಿದ್ದೆ. ಒಂದು ಹಿಡಿ ಅಕ್ಕಿಗೆ ಇಬ್ಬರನ್ನೂ ಕಳ್ಕೊಳ್ಳಾಕೆ ನನಗೇನು ಹುಚ್ಚು ಹಿಡಿದೈತೇನು? ಬಾಯಿ ಕೊರೆದ್ರೆ ಕೊರೀರಿ. ತಳ ನಂದೇ ಐತೆ."

ನಾನು ಎದ್ದು ಟ್ರಂಕು ತೆಗೆದು ಹಿತ್ತಾಳೆ ಬಳೆ ತಂದು ಕೊಟ್ಟೆ. ತಿರುಗಿಸಿ ನೋಡಿದರು. ಮೂಲೆಯಲ್ಲಿ ತಳ ದುಂಡಗಿದ್ದು ಸದಾ ವಾಲುತ್ತಿದ್ದ ತುಪ್ಪದ ಗಿಂಡಿಯಿತ್ತು. ಬಳೆಯನ್ನು ನೆಲದ ಮೇಲಿಟ್ಟು ಗಿಂಡಿಯನ್ನು ಅದರ ಮೇಲೆ ಕೂರಿಸಿದರು. ನೆಟ್ಟಗೆ ಕೂತಿತು. "ಹ್ಞೂ" ಎಂದರು. ಇವತ್ತಿಗೂ ನಮ್ಮ ಮನೆಯಲ್ಲಿ ಅದು ಅಲ್ಲೇ ಇದೆ.

ಆಮೇಲೆ, "ಮಡಿಲು ಒಡ್ಡು" ಎಂದರು. ಒಡ್ಡಿದೆ. ಆ ಹಿಡಿ ಅಕ್ಕಿಯನ್ನು ಮಡಿಲಿಗೆ ಸುರಿದರು. ಅಷ್ಟರಲ್ಲಿ ಇವರು ಬಾಗಿಲು ತಳ್ಳಿ ಇಣುಕಿದರು. ನನ್ನ ಕಣ್ಣೀರು ನೋಡಿದರು, ಮಡಿಲು ನೋಡಿದರು.

"ಏನದು?"

"ಕೊಸರು" ಎಂದರು ಅತ್ತೆ. "ಯಾಕ, ಕೇಸ್ ಹಾಕ್ತೀಯೇನು?"

ಕಾಯ್ದೆಯಲ್ಲಿ ಕೊಸರು ಇಲ್ಲ ಎಂದು ಈಗ ಹೇಳುತ್ತಾರೆ ನೋಡು ಎಂದುಕೊಂಡೆ. ಇವರು ಬಾಸಿಂಗ ಕಟ್ಟಿದ ತಲೆ ಬಗ್ಗಿಸಿ, ಪಂಚೆ ಮಡಚಿಕೊಂಡು ಮಂಡಿಯೂರಿ ಕೂತರು. ಅತ್ತೆಯ ಕೈಯಿಂದ ನೆಲಕ್ಕೆ ಉದುರಿದ್ದ ನಾಲ್ಕು ಕಾಳು ಹೆಕ್ಕಿ ನನ್ನ ಮಡಿಲಿಗೆ ಹಾಕಿದರು.